ಸಾಮೋಸ್ ಮ್ಯೂಸಿಯಂ: ದೈತ್ಯನನ್ನು ಬೇಗ ಮುಗಿಸಿ, ದೋಣಿಗಳ ಹತ್ತಿರ ನಿಲ್ಲಿ

ನಾನು ಹಡಗಿನ ಇಂಜಿನ್ ರೂಮಿನಲ್ಲಿ ದುಡಿದು ನಿವೃತ್ತನಾದವನು. ಅಮೃತಶಿಲೆಯ ಮೂರ್ತಿಗಳ ಸಾಲು ಕಂಡರೆ ಕಾಲು ನೋಯಲು ಶುರುವಾಗುತ್ತದೆ. ಗ್ರೀಸಿನ ಸಾಮೋಸ್ ದ್ವೀಪದಲ್ಲಿ, ವಾಥಿ ಪಟ್ಟಣದ ಪುರಾತತ್ವ ಮ್ಯೂಸಿಯಂನಲ್ಲಿ ಮಾತ್ರ ಹಾಗಾಗಲಿಲ್ಲ. ಅಲ್ಲಿರುವುದರಲ್ಲಿ ಮುಖ್ಯವಾದದ್ದೆಲ್ಲ ಕಡಲತಡಿಯ ಗುಡಿಯಲ್ಲಿ ಗ್ರೀಕರ ಹೇರಾ ದೇವಿಗೆ ಸಂದ ಕಾಣಿಕೆ, ಬಹಳಷ್ಟು ಹಡಗೇರಿ ಬಂದದ್ದು.

ಜನ ಮುತ್ತಿಕೊಳ್ಳುವುದು ದೈತ್ಯ ಕೌರೋಸ್ ಮೂರ್ತಿಯನ್ನು. ಸುಮಾರು 4.8 ಮೀಟರ್ ಎತ್ತರದ ಬೆತ್ತಲೆ ತರುಣ, ಕ್ರಿ.ಪೂ. 580ರ ಆಸುಪಾಸಿನವನು, ಮಣ್ಣಿನಿಂದೆದ್ದು ಬಂದದ್ದು 1980ರಲ್ಲಿ. ಇಸ್ಖೇಸ್ ಎಂಬ ಧಣಿ ಅದನ್ನು ಅರ್ಪಿಸಿ, ಅದರ ತೊಡೆಯ ಮೇಲೇ ತನ್ನ ಹೆಸರು ಕೆತ್ತಿಸಿದ್ದಾನೆ. ದಾನಿಗಳ ಈ ಚಟ ಅಷ್ಟು ಹಳೆಯದು! ನೋಡಿ, ಬೆರಗಾಗಿ, ಮುಂದೆ ಹೋಗಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮರದ ಪುಟ್ಟ ದೋಣಿಗಳು. ಕ್ರಿ.ಪೂ. 7ನೇ ಶತಮಾನದವು, ಉದ್ದಕ್ಕೆ ಸಪೂರವಾಗಿ, ಅಲಂಕಾರವಿಲ್ಲದೆ ಕೆತ್ತಿದವು. ಅಗೆದಾಗ ಇಂಥವು ನಲವತ್ತರಷ್ಟು ಸಿಕ್ಕಿವೆ. ಹಡಗಿನವರ ಹರಕೆಯೋ, ದೇವಿಯ ಉತ್ಸವದ ಸಾಮಾನೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನ್ನ ಮತ ಹರಕೆಗೆ. ಬಿರುಗಾಳಿಯಲ್ಲಿ ಇಂಜಿನ್ ಕೈಕೊಟ್ಟಾಗ ನಾಸ್ತಿಕರೂ ಏನೇನು ಹೊತ್ತುಕೊಳ್ಳುತ್ತಾರೆಂದು ಕಂಡಿದ್ದೇನೆ. ಇಷ್ಟು ಹಳೆಯ ಮರ ಗ್ರೀಸಿನಲ್ಲಿ ಉಳಿಯುವುದೇ ಅಪರೂಪ. ದೇಗುಲವಿದ್ದದ್ದು ಇಂಬ್ರಾಸೋಸ್ ಹೊಳೆ ಕಡಲು ಸೇರುವ ಜೌಗು ನೆಲದಲ್ಲಿ. ಸದಾ ನೀರಲ್ಲಿ ಮುಳುಗಿದ್ದ ಮರಕ್ಕೆ ಗಾಳಿ ತಾಗಲಿಲ್ಲ, ಅದಕ್ಕೇ ಕೊಳೆಯಲಿಲ್ಲ.

ಉಳಿದ ಕಾಣಿಕೆಗಳು ಹಳೆಯ ಹಡಗೊಂದರ ಸರಕುಪಟ್ಟಿಯಂತಿವೆ: ಈಜಿಪ್ಟಿನ ಕಂಚು, ಸೈಪ್ರಸ್‌ನ ಮೂರ್ತಿಗಳು, ದಂತದ ಕುಸುರಿ. ನೈಲ್ ಮೊಸಳೆಯ ಎಲುಬು ಕೂಡ ಅಲ್ಲಿನ ಮಣ್ಣಿನಲ್ಲಿ ಸಿಕ್ಕಿದೆ. ಅದನ್ನು ಹೊತ್ತು ತಂದವನಿಗೆ ಬಂದರಿನಲ್ಲಿ ಎಂಥ ಸ್ವಾಗತ ಸಿಕ್ಕಿತೋ! ಕುದುರೆಯ ಹಣೆಗೆ ಕಟ್ಟುವ ಕಂಚಿನ ಪಟ್ಟಿಯೊಂದನ್ನು ತಪ್ಪಿಸಬೇಡಿ. ಅದರ ಮೇಲಿನ ಅರಾಮಿಕ್ ಬರಹದಲ್ಲಿ ಕ್ರಿ.ಪೂ. 9ನೇ ಶತಮಾನದ ಡಮಾಸ್ಕಸ್ ದೊರೆ ಹಜಾಯೇಲನ ಹೆಸರಿದೆ. ಅದೇ ಬರಹವಿರುವ ಇನ್ನೊಂದು ಕುದುರೆ ಸಜ್ಜು ಗ್ರೀಸಿನದೇ ಎರೆಟ್ರಿಯಾ ಊರಿನ ಅಪೋಲೋ ಗುಡಿಯಲ್ಲಿ ಸಿಕ್ಕಿದೆ. ಲೂಟಿಯೋ, ಮಾರಾಟವೋ, ಎಷ್ಟು ಕೈ ದಾಟಿ ಎರಡು ಗುಡಿ ಸೇರಿದವೋ.

ಹದ್ದಿನ ತಲೆ, ಸಿಂಹದ ಮೈಯ ಕಾಲ್ಪನಿಕ ಪ್ರಾಣಿ ಗ್ರಿಫಿನ್. ಅದರ ಕಂಚಿನ ತಲೆಗಳ ಮುಂದೆ ನಿಂತಾಗ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಕೊಲಾಯೋಸ್‌ನ ಕಥೆ ನೆನಪಿಟ್ಟುಕೊಳ್ಳಿ. ಈಜಿಪ್ಟಿಗೆ ಹೊರಟ ಈ ಸಾಮೋಸಿನವನನ್ನು ಗಾಳಿ ಸ್ಪೇನಿನ ತಾರ್ಟೆಸೋಸ್‌ಗೆ ಒಯ್ದಿತು. ಅಲ್ಲಿ ಬಂದ ಲಾಭದ ಹತ್ತನೇ ಒಂದು ಪಾಲು, 6 ಟಾಲೆಂಟ್ (ಹಣವನ್ನು ತೂಗುವ ಹಳೆಯ ಗ್ರೀಕ್ ಅಳತೆ), ಖರ್ಚು ಮಾಡಿ ಅವನೂ ಜೊತೆಗಾರರೂ ಗ್ರಿಫಿನ್ ತಲೆಗಳ ಕಂಚಿನ ಕೊಪ್ಪರಿಗೆ ಮಾಡಿಸಿ ಹೇರಾಗೆ ಒಪ್ಪಿಸಿದರಂತೆ. ಆ ಕೊಪ್ಪರಿಗೆ ಸಿಕ್ಕಿಲ್ಲ. ಅಂಥವುಗಳ ಅಂಚಿಗೆ ಕೂರಿಸುತ್ತಿದ್ದ ತಲೆಗಳೇ ಇವು. ಬಾಯಿ ತೆರೆದು, ಕಿವಿ ನಿಮಿರಿಸಿಕೊಂಡಿವೆ.

ಮೊದಲು ಹೇರಾಳ ಗುಡಿಯಿದ್ದ ಹೆರಾಯಿಯೋನ್ ಬಯಲಿಗೆ ಹೋಗಿ. ವಾಥಿ ಉತ್ತರ ತೀರದಲ್ಲಿ, ಅದು ದಕ್ಷಿಣದಲ್ಲಿ, ಪೈಥಾಗೋರಿಯೋ ಪಟ್ಟಣದ ಪಶ್ಚಿಮಕ್ಕೆ. ಒಂದೇ ಒಂದು ಕಂಬ ನಿಂತಿದೆ, ನೆರಳು ಕಡಿಮೆ, ಟೋಪಿ ಬೇಕು. ಖಾಲಿ ಬಯಲನ್ನು ನೋಡಿ ಬಂದರೆ ಮ್ಯೂಸಿಯಂನ ವಸ್ತುಗಳಿಗೆ ಜಾಗ ಸಿಗುತ್ತದೆ. ಇನ್ನೊಂದು ಮಾತು: ನಾನು ಹೋದದ್ದು 2020ರ ಅಕ್ಟೋಬರ್ 30ರ ಭೂಕಂಪಕ್ಕೆ ಮುಂಚೆ. ಮ್ಯೂಸಿಯಂಗೂ ಪೆಟ್ಟು ಬಿದ್ದಿತ್ತು, ಹಾಗಾಗಿ ಎರಡು ಕಟ್ಟಡಗಳಲ್ಲಿ ಯಾವುದು ತೆರೆದಿದೆ ಎಂದು ವಿಚಾರಿಸಿಕೊಂಡೇ ಹೊರಡಿ.

ಐದಕ್ಕೆ ನಾಲ್ಕೂವರೆ ಅಂಕ. ಅರ್ಧ ಕಳೆದದ್ದು ಮ್ಯೂಸಿಯಂನ ತಪ್ಪಿಗಲ್ಲ. ಶಿಲ್ಪಿ ಗೆನೆಲಿಯೋಸ್ ಕೆತ್ತಿದ ಕುಟುಂಬದ ಮೂರ್ತಿಗಳ ಸಾಲಿನಲ್ಲಿ ಓರ್ನಿಥೆ ಎಂಬ ಹುಡುಗಿಯ ಮೂರ್ತಿ ಇಲ್ಲಿಲ್ಲ, ಬರ್ಲಿನ್‌ನಲ್ಲಿದೆ, ಅದಕ್ಕೆ.