ಮಲ್ಟಿಮೀಟರಿಗೆ ತಾಪಮಾನದ ಪ್ರೋಬ್: ಉಕ್ಕಿನ ಕೊಳವೆಯೋ, ಮಣಿತುದಿಯೋ?

ಮಲ್ಟಿಮೀಟರಿನ ಜೊತೆಗೆ ಬಂದಿದ್ದ ತೆಳು ತಂತಿಯ ಪ್ರೋಬನ್ನು (ತುದಿಯಲ್ಲಿ ಬೆಸೆದ ಪುಟ್ಟ ಮಣಿಯಿರುವ ಇದೇ ಮಣಿತುದಿ) ಬದಿಗಿಟ್ಟು, ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯಲ್ಲಿ ಕೂರಿಸಿದ ಕೆ-ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹಗಳ ತಂತಿಗಳನ್ನು ಬೆಸೆದು, ತಾಪಮಾನಕ್ಕೆ ತಕ್ಕ ಸಣ್ಣ ವೋಲ್ಟೇಜ್ ಕೊಡುವ ಸಂವೇದಕ) ಪ್ರೋಬನ್ನು ಕೆಲವು ತಿಂಗಳಿಂದ ಬಳಸುತ್ತಿದ್ದೇನೆ. ದ್ರವಗಳ ತಾಪಮಾನ ಅಳೆಯಲು ಇದು ನಿಜಕ್ಕೂ ಯೋಗ್ಯವಾದ ಸಾಧನ. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ, ಚೆನ್ನಾಗಿ ಕಲಕಿ, ತುದಿಯನ್ನು ನಡುವೆ ಇಳಿಸಿದಾಗ ಅಂಕಿ ನಿಧಾನವಾಗಿ ಕೆಳಗಿಳಿದು 1 ಡಿಗ್ರಿಯಲ್ಲಿ ನಿಂತಿತು. ಸೊನ್ನೆ ಇರಬೇಕಾದಲ್ಲಿ ಇಷ್ಟು ವ್ಯತ್ಯಾಸವನ್ನು ಒಪ್ಪಬಹುದು. ಏಕೆಂದರೆ ಈ ತಾಪಮಾನದಲ್ಲಿ ಹೆಚ್ಚು ನಿಖರವಾದ ಕ್ಲಾಸ್ 1 ದರ್ಜೆಯ ಪ್ರೋಬಿಗೇ ±1.5 ಡಿಗ್ರಿ, ಕ್ಲಾಸ್ 2ಕ್ಕೆ ±2.5 ಡಿಗ್ರಿ ಅವಕಾಶವಿದ್ದು, ಮೀಟರಿನ ದೋಷವೂ ಅದಕ್ಕೆ ಸೇರುತ್ತದೆ.

ಆದರೆ ಹೀಟ್‌ಸಿಂಕಿನಂಥ (ಬಿಡಿಭಾಗಗಳ ಬಿಸಿಯನ್ನು ಹೊರಹಾಕುವ ಲೋಹದ ತುಂಡು) ಚಪ್ಪಟೆ ಮೇಲ್ಮೈಗೆ ಈ ಕೊಳವೆ ಸಲ್ಲದು. ತಾನೇ ಶಾಖವನ್ನು ಎಳೆದುಕೊಂಡು ಕಡಿಮೆ ಅಂಕಿ ತೋರಿಸುತ್ತದೆ. ಅಲ್ಲಿ ಶಾಖವನ್ನು ಚೆನ್ನಾಗಿ ಸಾಗಿಸುವ ಥರ್ಮಲ್ ಪೇಸ್ಟ್ ಹಚ್ಚಿ, ಟೇಪಿನಿಂದ ಒತ್ತಿ ಹಿಡಿಸಿದ ಮಣಿತುದಿಯೇ ಲೇಸು.

ಕೊಳ್ಳುವಾಗ ತುದಿಯಷ್ಟೇ ಗಮನವನ್ನು ತಂತಿಯ ಹೊದಿಕೆಗೂ ಕೊಡಬೇಕು. ಟೆಫ್ಲಾನ್ ಹೊದಿಕೆ ಸುಮಾರು 260 ಡಿಗ್ರಿಯವರೆಗೆ ತಾಳುತ್ತದೆ, ಅದಕ್ಕೂ ಮೇಲೆ ಗಾಜಿನ ನೂಲಿನ ಹೊದಿಕೆಯೇ ಬೇಕು. ತಂತಿ ಗಿಡ್ಡವಾಯಿತೆಂದು ಸಾಮಾನ್ಯ ತಾಮ್ರದ ತಂತಿಯನ್ನು ಜೋಡಿಸಲೇಬಾರದು: ಈ ಪ್ರೋಬ್ ಡಿಗ್ರಿಯೊಂದಕ್ಕೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ, ಜೋಡಣೆಯ ಜಾಗದ ಬಿಸಿಯೂ ಅದರೊಳಗೆ ಬೆರೆತು ಅಳತೆಯನ್ನು ಕೆಡಿಸುತ್ತದೆ.