ಬೇಬಿ ಕ್ಯಾರಿಯರ್ ರಿವ್ಯೂ: ಇನ್ನೂ ಅಪ್ಪ ಆಗದ ಒಬ್ಬ ಮಾವನ ಕಡೆಯಿಂದ

ಎರಡು ಸಾವಿರದೊಳಗೆ ಸಿಗೋ, ಎದೆಗೆ ಕಟ್ಕೊಳ್ಳೋ ಬೇಬಿ ಕ್ಯಾರಿಯರ್ ತಗೋಬೇಕಾ ಬೇಡ್ವಾ ಅಂತ ಕೇಳೋರಿಗೆ ಮೊದಲೇ ಹೇಳ್ಬಿಡ್ತೀನಿ, ತಗೊಳ್ಳಿ, ಆದ್ರೆ ಆನ್‌ಲೈನಲ್ಲಿ ಬೇಡ, ಅಂಗಡಿಗೆ ಹೋಗಿ ಹಾಕ್ಕೊಂಡು ನೋಡಿ ತಗೊಳ್ಳಿ. ನಾನು ತಗೊಂಡಿದ್ದು ಮಂಡಿಪೇಟೆ ಹತ್ರ ಮಕ್ಕಳ ಸಾಮಾನಿನ ಅಂಗಡೀಲಿ, 1,800 ರೂಪಾಯಿ, ಡಬ್ಬದ ಮೇಲೆ 15 ಕೆಜಿ ತನಕ ಅಂತ ಬರ್ದೈತೆ. ಕಂಪನಿ ಹೆಸ್ರು ಹಾಕಲ್ಲ, ಈ ರೇಟಿನವು ಎಲ್ಲಾ ಹೆಚ್ಚುಕಮ್ಮಿ ಅದೇ ಬಟ್ಟೆ ಅದೇ ಬಕಲ್ಲು.

ಇಂಥ ರಿವ್ಯೂ ಬರೆಯೋರು ಅಮ್ಮಂದ್ರು, ಅಪರೂಪಕ್ಕೆ ಅಪ್ಪಂದ್ರು. ನಾನು ಟ್ರಾನ್ಸ್ ಮ್ಯಾನ್, ಅಂದ್ರೆ ಹುಟ್ಟಿದಾಗ ಹೆಣ್ಣು ಅಂತ ಬರ್ಸಿದ್ರೂ ಗಂಡಸಾಗಿ ಬದುಕ್ತಿರೋನು, ವಯಸ್ಸು 26, ಹುಟ್ಟಿ ಬೆಳ್ದಿದ್ದೆಲ್ಲಾ ದಾವಣಗೆರೆನೇ. ಗಂಡಸಿನ ಹಾರ್ಮೋನ್ ಟೆಸ್ಟೋಸ್ಟೆರೋನ್ ತಗೊಳ್ತಿದೀನಿ, ಗಡ್ಡ ಬಂದೈತೆ, ಎದೆ ಆಪರೇಶನ್ ಇನ್ನೂ ಆಗಿಲ್ಲ, ಎದೆ ಚಪ್ಪಟೆ ಕಾಣೋಕೆ ಬೈಂಡರ್ ಅನ್ನೋ ಬಿಗಿ ಒಳಬಟ್ಟೆ ಹಾಕ್ತೀನಿ. ಅಪ್ಪ ಆಗ್ಬೇಕು ಅನ್ನೋ ಆಸೆ ಎಷ್ಟೈತೆ ಅಂದ್ರೆ ಬಸ್ಸಲ್ಲಿ ಯಾರಾದ್ರೂ ಅಪ್ಪ ನಿದ್ದೆ ಹೋಗಿರೋ ಕೂಸನ್ನ ಹೆಗಲ ಮೇಲೆ ಹಾಕ್ಕೊಂಡು ಕೂತಿದ್ರೆ ನಾನು ಕಿಟಕಿ ಕಡೆ ಮುಖ ತಿರುಗಿಸ್ತೀನಿ, ನೋಡೋಕಾಗಲ್ಲ. ಜೊತೆ ಹುಡುಗ್ರು ಮದ್ವೆ ಆಗಿ ಸ್ಟೇಟಸ್ಸಿಗೆ ಮಗು ಫೋಟೋ ಹಾಕೋಕೆ ಶುರು ಮಾಡಿದ ಮೇಲಂತೂ ಸ್ಟೇಟಸ್ ನೋಡೋದನ್ನೇ ಬಿಟ್ಟಿದ್ದೆ.

ಅಷ್ಟರಲ್ಲಿ ಅಕ್ಕ ಬಾಣಂತನಕ್ಕೆ ಮನೆಗೆ ಬಂದ್ಲು. ಹೆಣ್ಣು ಕೂಸು. ನಮ್ಮ ಕಡೆ ತೊಟ್ಲು ಶಾಸ್ತ್ರದಲ್ಲಿ ಕಿವೀಲಿ ಹೆಸ್ರು ಹೇಳೋಳು ಸೋದರತ್ತೆ ಅಲ್ವಾ, ಒಂದು ವೇಳೆ ಅಣ್ಣಂಗೆ ಮಗು ಆಗಿದ್ರೆ ನಮ್ಮ ದೊಡ್ಡಮ್ಮ ನನ್ನನ್ನೇ ಸೀರೆ ಕೊಟ್ಟು ಕೂರಿಸ್ತಿದ್ಲು, ಪುಣ್ಯಕ್ಕೆ ಅಕ್ಕನ ಮಗು, ಕಿವಿ ಚುಚ್ಚಿಸೋಕೆ ಸೋದರಮಾವನ ತೊಡೆ ಬೇಕು. ಅಕ್ಕ ಏನೂ ದೊಡ್ಡದು ಮಾಡದೆ ಕೂಸನ್ನ ತಂದು ನನ್ನ ತೊಡೆ ಮೇಲೆ ಕೂರಿಸಿದ್ಲು. ಅಮ್ಮ ತುಟಿಪಿಟಕ್ ಅನ್ಲಿಲ್ಲ. ಮಾವ ಅನ್ನೋ ಕೆಲಸ ಸಿಕ್ಕಿದ್ದು ಹಂಗೆ.

ಕ್ಯಾರಿಯರ್ ತಗೊಳ್ಳೋಕೆ ಹೋದಾಗ ಅಂಗಡಿ ಹುಡುಗ ಒಂದು ಗೊಂಬೆನ ಒಳಗೆ ಹಾಕಿ ನನ್ನ ಬೆನ್ನ ಹಿಂದೆ ಬೆಲ್ಟ್ ಎಳೀತಾ, "ಅಣ್ಣ, ಅಪ್ಪಂದ್ರಿಗೆ ಇಲ್ಲಿ ಸ್ವಲ್ಪ ಲೂಸ್ ಬಿಡ್ಬೇಕು, ಮನೇಲಿ ಅಕ್ಕಾರು ಹಾಕ್ಕೊಳ್ಳೋವಾಗ ಟೈಟ್ ಮಾಡ್ಕೊಳ್ಲಿ" ಅಂದ. ಅವ್ನಿಗದು ದಿನಾ ಹೇಳೋ ಮಾತು. ನಾನು ಚೌಕಾಸಿ ಮಾಡೋದನ್ನೇ ಮರ್ತು ದುಡ್ಡು ಕೊಟ್ಟು ಬಂದೆ. ಅಮ್ಮ ಬಿಲ್ ನೋಡಿ, ಸೀರೆ ಜೋಲಿ ಇರೋವಾಗ ಇದ್ಯಾತಕ್ಕೆ ಅಂತ ಬೈದ್ಲು.

ಈಗ ಸಾಮಾನಿನ ವಿಷ್ಯ. ಸೊಂಟದ ಬೆಲ್ಟ್ ಅಗಲ ಐತೆ, ಭಾರ ಹೆಗಲಿಗೆ ಬರದೆ ಸೊಂಟಕ್ಕೆ ಕೂರುತ್ತೆ, ಇದಕ್ಕೇ ಪೂರ್ತಿ ಮಾರ್ಕ್ಸು. ಬೆನ್ನ ಹಿಂದಿನ ಬಕಲ್ ಮಾತ್ರ ದರಿದ್ರ, ಒಬ್ರೇ ಇದ್ರೆ ಎರಡು ಕೈ ಹಿಂದಕ್ಕೆ ತಿರುಚ್ಕೊಂಡು ಒದ್ದಾಡ್ಬೇಕು, ಅಷ್ಟೊತ್ತಿಗೆ ಕೂಸು ಅಳೋಕೆ ಶುರು. ಕೂರಿಸೋ ರೀತಿ ಮುಖ್ಯ: ನೀವು ಸುಮ್ನೆ ತಲೆ ಬಗ್ಗಿಸಿದ್ರೆ ನೆತ್ತಿಗೆ ಮುತ್ತು ಕೊಡೋ ಎತ್ತರದಲ್ಲಿ ಮಗು ಇರ್ಬೇಕು, ಮೂಗು ಬಾಯಿ ಯಾವಾಗ್ಲೂ ಕಾಣ್ತಿರ್ಬೇಕು, ಗಲ್ಲ ಎದೆಗೆ ಒತ್ಕೊಂಡಿರಬಾರ್ದು, ಮಂಡಿ ಕುಂಡಿಗಿಂತ ಮೇಲೆ, ಅಂದ್ರೆ ಕಪ್ಪೆ ಕೂತಂಗೆ ಕೂರ್ಬೇಕು, ಬರೀ ಕಾಲು ನೇತಾಡ್ತಿದ್ರೆ ಸೊಂಟದ ಕೀಲಿಗೆ ಒಳ್ಳೇದಲ್ಲ. ಮುಖ ಹೊರಗೆ ಮಾಡಿ ಕೂರಿಸೋದು ಕುತ್ತಿಗೆ ಗಟ್ಟಿಯಾಗಿ ನಿಲ್ಲೋ ತನಕ ಬೇಡ.

ಯಾವ ರಿವ್ಯೂದಲ್ಲೂ ಸಿಗದೇ ಇರೋ ಮಾತು ಒಂದೈತೆ, ನನ್ನಂಥೋರು ಗಮನಿಸಿ. ಬೈಂಡರ್ ಮೇಲೆ ಕ್ಯಾರಿಯರ್ ಕಟ್ಟಿದ್ರೆ ಉಸಿರು ಅರ್ಧಕ್ಕೇ ನಿಲ್ಲುತ್ತೆ. ಬೈಂಡರ್ ಒಂದೇ ಆದ್ರೂ ದಿನಕ್ಕೆ 8 ಗಂಟೆ ದಾಟಬೇಡಿ ಅಂತಾರೆ, ಅದರ ಮೇಲೆ ಏಳೆಂಟು ಕೆಜಿ ಕೂಸು ಅಂದ್ರೆ ಪಕ್ಕೆಲುಬು ಹೇಳುತ್ತೆ ಕಥೆ. ನಾನೀಗ ಬೈಂಡರ್ ಬಿಟ್ಟು ಸಡಿಲ ಬನಿಯನ್ ಹಾಕಿ ಮೇಲೆ ಕೂಸನ್ನ ಕಟ್ಕೊಳ್ತೀನಿ. ಮಜಾ ಏನಂದ್ರೆ ಮಗು ಎದೆ ಮೇಲಿದ್ರೆ ನನ್ನ ಎದೆ ಯಾರೂ ನೋಡಲ್ಲ! ಬೈಂಡರ್ ಇಲ್ದೆ ಬೀದೀಲಿ ಬೆನ್ನು ನೆಟ್ಟಗೆ ಮಾಡಿ ನಡೆದಿದ್ದು ಎಷ್ಟೋ ವರ್ಷ ಆದ್ಮೇಲೆ ಇದೇ ಮೊದ್ಲು.

ಬೆಳಗ್ಗೆ ಕುಂದುವಾಡ ಕೆರೆ ಟ್ರ್ಯಾಕಿಗೆ ಕರ್ಕೊಂಡು ಹೋಗ್ತೀನಿ. ವಾಕಿಂಗ್ ಬರೋ ಅಜ್ಜಂದ್ರು ಅಜ್ಜಿಯರು ಬಿಡ್ತಾರಾ, "ನಿಮ್ದೇನಪಾ ಕೂಸು?" ಮೊದಮೊದ್ಲು ಗಡಿಬಿಡೀಲಿ "ಅಲ್ಲ ಅಲ್ಲ, ಅಕ್ಕನ ಮಗು" ಅಂತಿದ್ದೆ, ಕಳ್ಳತನ ಮಾಡಿ ಸಿಕ್ಕಾಕ್ಕೊಂಡೋರ ತರ. ಈಗ "ಏಳು ತಿಂಗ್ಳು ಅಜ್ಜಿ" ಅಂತೀನಿ ಅಷ್ಟೇ. ಸುಳ್ಳೂ ಅಲ್ಲ. ಅವ್ರು ಹಲ್ಲು ಬಂತಾ, ರಾಗಿ ಸರಿ ತಿನ್ನಿಸ್ತೀರಾ ಅಂತ ಮುಂದಿನ ಪ್ರಶ್ನೆಗೆ ಹೋಗಿರ್ತಾರೆ.

ಕಷ್ಟ ಆಗೋದು ಬಿಚ್ಚೋವಾಗ. ಹಾಲಿನ ಹೊತ್ತಿಗೆ ಕೂಸನ್ನ ಅಕ್ಕನ ಕೈಗೆ ಕೊಟ್ಟು, ಬೆವರಿಗೆ ಒದ್ದೆ ಆಗಿರೋ ಬೆಲ್ಟು ಮೊಳೆಗೆ ನೇತಾಕಿ ರೂಮಿಗೆ ಬಂದ್ರೆ ಹೊಟ್ಟೇಲೆಲ್ಲಾ ಸಂಕಟ. ಇದು ಆಸೆ ತೀರಿಸೋ ಸಾಮಾನಲ್ಲ, ಹಂಗಂದ್ಕೊಂಡು ಯಾರೂ ತಗೋಬೇಡಿ. ಆದ್ರೆ ಮೊದ್ಲಿನ ಹಾಗೆ ಮುಖ ತಿರುಗಿಸ್ಕೊಂಡು ಕೂರೋದಕ್ಕಿಂತ ಕೂಸನ್ನ ಎತ್ಕೊಂಡು ಸಂಕಟಪಡೋದು ವಾಸಿ, ಇದು ನನ್ನ ಲೆಕ್ಕ. ರಾತ್ರಿ ತಡೆಯೋಕಾಗ್ದೇ ಇರೋರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಐತೆ, ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ಬಹುದು.

ನಂಗೆ ಇನ್ನೊಂದು ಚಟ ನಿಯಮ ಓದೋದು. ಒಂಟಿ ಗಂಡಸು ದತ್ತು ತಗೋಬಹುದು, ಆದ್ರೆ 2022ರ ದತ್ತು ನಿಯಮದ ಪ್ರಕಾರ ಹೆಣ್ಣುಮಗು ಕೊಡಲ್ಲ, ಮಗುಗೂ ನಮಗೂ ಕನಿಷ್ಠ 25 ವರ್ಷ ಅಂತರ ಬೇಕು, ಎರಡು ವರ್ಷದೊಳಗಿನ ಕೂಸು ಬೇಕಂದ್ರೆ ಒಂಟಿಯಾಗಿರೋರಿಗೆ 40 ದಾಟಿರಬಾರ್ದು. ಅಂದ್ರೆ ನನಗೆ ಕಾಲ ಐತೆ, ಸಂಬಳ ಇಲ್ಲ. ಫಾಸ್ಟರ್ ಕೇರಿಗೆ, ಅಂದ್ರೆ ದತ್ತು ಇಲ್ದೆ ಮಗುನ ಸ್ವಲ್ಪ ಕಾಲ ಮನೇಲಿಟ್ಕೊಂಡು ಸಾಕೋದಕ್ಕೆ, 2024ರ ಮಾರ್ಗಸೂಚಿ ಒಂಟಿಯೋರಿಗೂ ಬಾಗಿಲು ತೆಗ್ದೈತೆ, ಆದ್ರೆ 35 ತುಂಬಿರ್ಬೇಕು. ಐವಿಎಫ್, ಅಂದ್ರೆ ಲ್ಯಾಬಲ್ಲಿ ಭ್ರೂಣ ಮಾಡಿ ಮಗು ಪಡೆಯೋ ದಾರಿ ಕಡೆ ಬಂದ್ರೆ, ಇಂಥ ಚಿಕಿತ್ಸೆಗಿರೋ 2021ರ ಎಆರ್‌ಟಿ ಕಾಯ್ದೆ ಹೇಳೋದು ಮದ್ವೆಯಾದ ದಂಪತಿ ಇಲ್ಲಾ 21 ದಾಟಿದ ಮಹಿಳೆ ಅಂತ, ಒಂಟಿ ಗಂಡಸಿನ ಸುದ್ದಿನೇ ಇಲ್ಲ, ಬಾಡಿಗೆ ತಾಯ್ತನದ ಕಾಯ್ದೇಲೂ ಅಷ್ಟೇ. ಆದ್ರೂ ಟೆಸ್ಟೋಸ್ಟೆರೋನ್ ಶುರು ಮಾಡೋ ತಮ್ಮಂದ್ರಿಗೆ ಹೇಳೋದು, ಇಂಜೆಕ್ಷನ್ನಿಗೆ ಮುಂಚೆನೇ ಅಂಡಾಣು ಕಾಪಿಡೋ ಬಗ್ಗೆ ಡಾಕ್ಟರ್ ಹತ್ರ ಬಾಯಿಬಿಟ್ಟು ಕೇಳಿ, ಅವ್ರಾಗಿ ಹೇಳ್ತಾರೆ ಅಂತ ಕಾಯ್ಬೇಡಿ, ನಂಗ್ಯಾರೂ ಹೇಳ್ಲಿಲ್ಲ. ಮುಟ್ಟು ನಿಂತ ಮಾತ್ರಕ್ಕೆ ಎಲ್ಲಾ ಮುಗೀತು ಅಂತಾನೂ ಅಲ್ಲ, ಹಾರ್ಮೋನ್ ನಿಲ್ಲಿಸಿದ್ರೆ ತುಂಬಾ ಜನಕ್ಕೆ ಅಂಡಾಶಯ ಮತ್ತೆ ಕೆಲಸ ಶುರು ಮಾಡುತ್ತೆ. ಕೇರಳದ ಟ್ರಾನ್ಸ್ ಮ್ಯಾನ್ ಜಹಾದ್ ಹಾರ್ಮೋನ್ ನಿಲ್ಲಿಸಿ ಬಸುರಾಗಿ 2023ರ ಫೆಬ್ರವರಿ 8ಕ್ಕೆ ಕೋಳಿಕ್ಕೋಡ್ ಮೆಡಿಕಲ್ ಕಾಲೇಜಲ್ಲಿ ಹೆತ್ತ, 2025ರ ಜೂನಲ್ಲಿ ಹೈಕೋರ್ಟು ಜನನ ಪ್ರಮಾಣಪತ್ರದಲ್ಲಿ ಅವನನ್ನೂ ಜೊತೆಗಾತಿ ಜಿಯಾನೂ ಬರೀ ಪೋಷಕರು ಅಂತ ಹಾಕಿ ಅಂತು. ನಾನು ಹೆರೋಕೆ ತಯಾರಿಲ್ಲ, ನೆನಸ್ಕೊಂಡ್ರೇ ಮೈ ಝುಂ ಅನ್ನುತ್ತೆ, ಆದ್ರೆ ಜಹಾದ್ ಫೋಟೋ ಇನ್ನೂ ಫೋನಲ್ಲಿ ಇಟ್ಕೊಂಡಿದೀನಿ.

ಇನ್ನ ಉಳ್ದಿದ್ದು. ಬಟ್ಟೆ ಪಾಲಿಯೆಸ್ಟರ್, ಏಪ್ರಿಲ್ ಬಿಸಿಲಿಗೆ ನಮ್ಮೂರಲ್ಲಿ ಇದು ಆಗಲ್ಲ, ಬೆಳಗ್ಗೆ ಎಂಟರೊಳಗೆ ಇಲ್ಲಾ ಸಂಜೆ ಮೇಲೆ ಹಾಕಿ, 300 ರೂಪಾಯಿ ಜಾಸ್ತಿ ಆದ್ರೂ ಗಾಳಿ ಆಡೋ ಜಾಲರಿ ಇರೋದು ತಗೊಳ್ಳಿ. ಮಗು ಕಟ್ಕೊಂಡು ಬೆಣ್ಣೆ ದೋಸೆ ತಿನ್ನೋಕೆ ಹೋಗ್ಬೇಡಿ, ನಾನು ಹೋಗಿ ಕೂಸಿನ ಕುಲಾವಿ ಮೇಲೆ ಚಟ್ನಿ ಬೀಳಿಸಿ ಅಕ್ಕನ ಹತ್ರ ಬೈಸ್ಕೊಂಡೆ, ಬಿಸಿ ಕಾಫಿ ಆಗಿದ್ರೆ ಏನ್ ಗತಿ. ಗಾಡಿ ಮೇಲಂತೂ ಬೇಡ್ವೇ ಬೇಡ, ಇದು ನಡಿಯೋಕೆ ಮಾತ್ರ. ವಾಶಿಂಗ್ ಮಷೀನಿಗೆ ಹಾಕಿದ್ರೆ ಬಕಲ್ ಬಡ್ಕೊಂಡು ಒಡೆಯುತ್ತೆ, ಕೈಯಲ್ಲೇ ಒಗೀರಿ.

ಐದಕ್ಕೆ ನಾಲ್ಕು. ಒಂದು ಕಟ್ ಆಗಿದ್ದು ಬೆನ್ನಿನ ಬಕಲ್ಲಿಗೆ, ಅದು ಪಕ್ಕಕ್ಕೆ ಇರೋ ಮಾಡೆಲ್ಲೂ ಬರುತ್ತಂತೆ, ಸಿಕ್ರೆ ಅದನ್ನೇ ತಗೊಳ್ಳಿ.