ಚೆನ್ನೈನ ನ್ಯೂ ವುಡ್‌ಲ್ಯಾಂಡ್ಸ್: ದೋಸೆ, ಕಾಫಿ, ಮತ್ತೆ 2016ರ ಆ ಸೆಪ್ಟೆಂಬರ್

ಮೊದ್ಲು ತಿಂಡಿ ವಿಷ್ಯ ಹೇಳ್ಬಿಡ್ತೀನಿ, ಹೋಟ್ಲು ಹೇಗಿದೆ ಅಂತ ನೋಡೋಕೆ ಬಂದೋರಿಗೆ ಅದೇ ತಾನೇ ಬೇಕಾಗಿರೋದು. ಮೈಲಾಪುರದ ರಾಧಾಕೃಷ್ಣನ್ ಸಾಲೈ ಮೇಲಿರೋ ನ್ಯೂ ವುಡ್‌ಲ್ಯಾಂಡ್ಸ್‌ಗೆ ನಾನು ಎಷ್ಟೋ ವರ್ಷದಿಂದ ಹೋಗ್ತಾ ಇದೀನಿ. ತುಪ್ಪದ ರೋಸ್ಟ್ ತಗೊಳ್ಳಿ, ಅಂಚು ಗರಿಗರಿ, ಮಧ್ಯ ಮೆತ್ತಗೆ, ಹಸ್ಕೊಂಡು ಹೋಗಿದ್ರೆ ಜೊತೆಗೊಂದು ಪೊಂಗಲ್ ಹೇಳ್ಕೊಳ್ಳಿ. ಕಾಫಿ ಡಬರಾ-ಲೋಟದಲ್ಲಿ ಬರುತ್ತೆ, ಎತ್ತಿ ಎರಡು ಸಲ ಹುಯ್ದು ಕುಡಿದ್ರೆ ನೊರೆ ತುಟಿಗೆ ಅಂಟುತ್ತೆ, ಊರು ಬಿಟ್ಟು ಬಂದೋರಿಗೆ ಅಷ್ಟು ಸಾಕು. ಅಡುಗೆ 5ಕ್ಕೆ 5.

ಈ ವುಡ್‌ಲ್ಯಾಂಡ್ಸ್ ಅನ್ನೋ ಹೆಸರಿನ ಹಿಂದೆ ಇರೋರು ನಮ್ಮೋರೇ, ದಕ್ಷಿಣ ಕನ್ನಡದ ಕಡಂದಲೆ ಕೃಷ್ಣರಾಯರು. ಅಡುಗೆಮನೇಲಿ ಕೂಲಿ ಮಾಡ್ಕೊಂಡಿದ್ದ ಹುಡುಗ ಮದ್ರಾಸಿಗೆ ಬಂದು ಹೋಟ್ಲು ಇಟ್ಟು, 1938ರಲ್ಲಿ ರಾಯಪೇಟೆಲಿ ರಾಮನಾಡು ರಾಜರ ಬಂಗಲೆ ಬಾಡಿಗೆಗೆ ಹಿಡಿದ್ರು, ಆ ಬಂಗಲೆ ಹೆಸರೇ ವುಡ್‌ಲ್ಯಾಂಡ್ಸ್. ಆಮೇಲೆ ಈ ನ್ಯೂ ವುಡ್‌ಲ್ಯಾಂಡ್ಸ್ ಬಂತು, 1962ರಲ್ಲಿ ಡ್ರೈವ್-ಇನ್ ಬಂತು. ಆ ಡ್ರೈವ್-ಇನ್ 2008ರಲ್ಲಿ ಮುಚ್ಚಿತು, ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಅಂತ ಪಾರ್ಕ್ ಇದೆ. ಚೆನ್ನೈನ ಹಳಬರನ್ನ ಕೇಳಿ ನೋಡಿ, ವುಡ್‌ಲ್ಯಾಂಡ್ಸ್ ಅಂದ್ರೆ ಕನ್ನಡದೋರ ಹೋಟ್ಲು ಅಂತ ಯಾರೂ ಹೇಳಲ್ಲ, ನಮ್ಮ ಹೋಟ್ಲು ಅಂತಾರೆ.

ಅಂಥ ಜಾಗಕ್ಕೆ 2016ರ ಸೆಪ್ಟೆಂಬರ್ 12ನೇ ತಾರೀಕು ಬೆಳಗಿನ ಜಾವ ಪೆಟ್ರೋಲ್ ಬಾಂಬ್ ಎಸೆದ್ರು, ಗಾಜು ಒಡೆದ್ರು. ಕಾರಣ ಕಾವೇರಿ. ಸೆಪ್ಟೆಂಬರ್ 5ಕ್ಕೆ ಸುಪ್ರೀಂ ಕೋರ್ಟು ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ನೀರು ಬಿಡಿ ಅಂತು, 9ಕ್ಕೆ ನಮ್ಮ ಕಡೆ ಬಂದ್ ಆಯ್ತು, ಅಷ್ಟರಲ್ಲಿ ಬೆಂಗ್ಳೂರಲ್ಲಿ ಒಬ್ಬ ತಮಿಳು ಹುಡುಗನ್ನ ಫೇಸ್‌ಬುಕ್‌ನಲ್ಲಿ ನಮ್ಮ ನಟರನ್ನ ಗೇಲಿ ಮಾಡ್ದ ಅಂತ ಹೊಡೆದ ವಿಡಿಯೋ ಹರಿದಾಡ್ತು, ಈ ಕಡೆ ರಾಮೇಶ್ವರದಲ್ಲಿ ಕರ್ನಾಟಕದ ಡ್ರೈವರ್‌ಗೆ ಹೊಡೆದ ವಿಡಿಯೋ ಹರಿದಾಡ್ತು, ಆ ವಿಡಿಯೋಕ್ಕೆ ಈ ವಿಡಿಯೋ ಉತ್ತರ ಅನ್ನೋ ಥರ. 12ನೇ ತಾರೀಕೇ ಕೋರ್ಟು 12,000ಕ್ಕೆ ಇಳಿಸ್ತು ಆದ್ರೆ 20ನೇ ತಾರೀಕಿನ ತನಕ ಬಿಡಿ ಅಂತು, ಮಧ್ಯಾಹ್ನದ ಹೊತ್ತಿಗೆ ಬೆಂಗ್ಳೂರು ಹೊತ್ಕೊಂಡು ಉರೀತಿತ್ತು. ಒಂದೇ ಡಿಪೋದಲ್ಲಿ ತಮಿಳುನಾಡಿನ ಖಾಸಗಿ ಕಂಪನಿ ಕೆಪಿಎನ್‌ನ ಬಸ್ಸುಗಳು ನಲವತ್ತರ ಹತ್ರ ಸುಟ್ಟುಹೋದ್ವು, ಹದಿನಾರು ಸ್ಟೇಷನ್ ಏರಿಯಾದಲ್ಲಿ ಕರ್ಫ್ಯೂ. ಹೆಗ್ಗನಹಳ್ಳಿಲಿ ಪೊಲೀಸರ ಗುಂಡಿಗೆ ಒಬ್ರು ಹೋದ್ರು, ಪೊಲೀಸರಿಗೆ ಹೆದ್ರಿ ಮಹಡಿಯಿಂದ ಹಾರಿದ ಇನ್ನೊಬ್ರೂ ಉಳೀಲಿಲ್ಲ. ಇಬ್ರೂ ದುಡ್ಕೊಂಡು ತಿನ್ನೋ ಮನೆಯೋರು.

ನಾನು ಮಂಡ್ಯದೋನು. ಕಾಲೇಜಿನ ದಿನಗಳಲ್ಲಿ ಸಂಜಯ ಸರ್ಕಲ್‌ನಲ್ಲಿ ನಿಂತ್ಕೊಂಡು "ರಕ್ತ ಕೊಟ್ಟೇವು, ನೀರು ಕೊಡೆವು" ಅಂತ ಗಂಟ್ಲು ಹರ್ಕೊಂಡು ಕೂಗಿದೋನು. ಅವತ್ತು ಅದು ಬರೀ ಘೋಷಣೆ ಅಂದ್ಕೊಂಡಿದ್ದೆ, ಲಯ ಚೆನ್ನಾಗಿತ್ತು, ಜನ ಸೇರಿದಾಗ ಬಾಯಿಗೆ ತಾನಾಗೇ ಬರೋದು. ಆ 12ನೇ ತಾರೀಕು ರಾತ್ರಿ ಚೆನ್ನೈನ ಬಾಡಿಗೆ ಮನೇಲಿ ಟಿವಿ ಮುಂದೆ ಕೂತು ಅದೇ ಮಾತನ್ನ ಯಾರೋ ಮೈಕ್ ಹಿಡ್ಕೊಂಡು ಹೇಳ್ತಿರೋದು ನೋಡ್ದಾಗ ಹೊಟ್ಟೇಲಿ ಕಲಸಿದಂಗಾಯ್ತು. ರಕ್ತ ಕೊಟ್ಟೋರು ಯಾರು? ಮೈಕ್ ಹಿಡಿದೋರಲ್ಲ.

ಟಿವಿ ವಿಷ್ಯಕ್ಕೆ ಬಂದ್ರೆ ನಂಗಿನ್ನೂ ಸಿಟ್ಟು ಇಳಿದಿಲ್ಲ. ಒಂದು ಚಾನೆಲ್‌ನಲ್ಲಿ (ಹೆಸರು ಬೇಡ) ಒಂದೇ ಬಸ್ಸು ರಾತ್ರಿಯೆಲ್ಲಾ ಉರೀತಾನೇ ಇತ್ತು. ಸಂಜೆ ಆರಕ್ಕೆ ತೆಗೆದ ದೃಶ್ಯ ಹನ್ನೊಂದು ಗಂಟೇಲೂ ಈಗಷ್ಟೇ ಆಗ್ತಿರೋ ಥರ ತೋರಿಸ್ತಿದ್ರು, ಕೆಳಗೆ ಕೆಂಪಕ್ಷರದಲ್ಲಿ "ಕನ್ನಡಿಗರು ಸುಮ್ಮನಿರಬೇಕಾ?" ಅನ್ನೋ ಪ್ರಶ್ನೆ. ನಮ್ಮವ್ವ ಊರಿಂದ ನಾಲ್ಕು ಸಲ ಫೋನ್ ಮಾಡಿದ್ಲು, "ಮಗಾ, ಅಲ್ಲಿ ನಿನ್ನೂ ಹೊಡೀತಾವ್ರಾ" ಅಂತ ಅತ್ಕೊಂಡು. ಇಲ್ಲಿನ ಚಾನೆಲ್‌ಗಳೂ ಕಮ್ಮಿ ಇರ್ಲಿಲ್ಲ, ಭಾಷೆ ಬೇರೆ, ಧಾಟಿ ಅದೇ. ಕೊನೆಗೆ ಕೇಂದ್ರದ ವಾರ್ತಾ ಇಲಾಖೆನೇ ಸ್ವಲ್ಪ ಸಂಯಮ ಇಟ್ಕೊಳ್ಳಿ ಅಂತ ಚಾನೆಲ್‌ಗಳಿಗೆ ಸೂಚನೆ ಕೊಡಬೇಕಾಯ್ತು.

ನಾಯಕರೂ ಮಾತಾಡಿದ್ರು ಅನ್ನಿ. ಸಿದ್ದರಾಮಯ್ಯನವರು ಶಾಂತಿ ಕಾಪಾಡಿ ಅಂತ ಮನವಿ ಮಾಡಿದ್ರು, ಜಯಲಲಿತಾ ಅವರಿಗೆ ಕನ್ನಡಿಗರನ್ನ ನೋಡ್ಕೊಳ್ಳಿ ಅಂತ ಪತ್ರ ಬರೆದ್ರು, ಅಲ್ಲಿಂದ ತಮಿಳರನ್ನ ನೋಡ್ಕೊಳ್ಳಿ ಅಂತ ಪತ್ರ ಬಂತು. 13ಕ್ಕೆ ಪ್ರಧಾನಿಗಳೂ ಹಿಂಸೆಯಿಂದ ಯಾವ ಸಮಸ್ಯೆನೂ ಬಗೆಹರಿಯಲ್ಲ ಅಂದ್ರು. ಎಲ್ಲಾ ಸರಿಯಾದ ಮಾತೇ. ಆದ್ರೆ ನಂಗೆ ಅನ್ಸಿದ್ದು ಇಷ್ಟು: ಎಲ್ಲರೂ ತಮ್ಮೋರ ನೋವನ್ನ ಎದುರಿನೋರಿಗೆ ಹೇಳಿದ್ರು, ತಮ್ಮೋರೇ ಮಾಡಿದ ತಪ್ಪನ್ನ ತಮ್ಮೋರ ಮುಂದೆ ನಿಂತು ಹೇಳೋಕೆ ಬಾಯಿ ಬಂದೋರು ಕಮ್ಮಿ. ಬೆಂಕಿ ಹಚ್ಚಿದೋರು ಕಿಡಿಗೇಡಿಗಳು, ಹೋರಾಟಗಾರರಲ್ಲ ಅಂದ್ಬಿಟ್ರೆ ಮುಗೀತು. ಕಿಡಿಗೇಡಿಗಳು ಆಕಾಶದಿಂದ ಇಳಿದು ಬಂದಿರಲ್ಲವಲ್ಲ, ವಾರದಿಂದ ಕೇಳಿಸ್ಕೊಂಡ ಮಾತಿಗೇ ಬಂದಿರ್ತಾರೆ.

ಅವತ್ತು ನಮ್ಮ ಮನೆ ಓನರ್ ಅಮ್ಮ ಬಾಗ್ಲು ತಟ್ಟಿ "ತಂಬಿ, ವಂಡಿಯ ಉಳ್ಳ ವಿಡು" ಅಂದ್ರು, ತಮ್ಮಾ ಗಾಡಿ ಒಳಗೆ ಬಿಡು ಅಂತ. ನನ್ನದು ಕೆಎ 11 ಗಾಡಿ. ಅವ್ರ ಸ್ಕೂಟಿ ಹೊರಗೆ ಹಾಕಿ ನನ್ನ ಕಾರ್ ಒಳಗೆ ಬಿಡ್ಸಿದ್ರು, ಆಮೇಲೆ ಒಂದು ಹಳೇ ಕಾಟನ್ ಸೀರೆ ತಂದು ನಂಬರ್ ಪ್ಲೇಟ್ ಕಾಣದಂಗೆ ಇಳಿಬಿಟ್ರು. ಹಸಿರು ಸೀರೆ, ಅಂಚಲ್ಲಿ ಅರಿಶಿನದ ಕಲೆ. ಅದೇ ಹೊತ್ತಿಗೆ ಬೆಂಗ್ಳೂರಲ್ಲಿ ನನ್ನ ಫ್ರೆಂಡು ಸೇಲಂನ ಹುಡುಗ ಟಿಎನ್ ಪ್ಲೇಟಿಗೆ ನ್ಯೂಸ್‌ಪೇಪರ್ ಅಂಟಿಸ್ತಾ ಇದ್ದ. ಇಬ್ರೂ ಫೋಟೋ ಕಳಿಸ್ಕೊಂಡ್ವಿ, ಏನು ಬರೀಬೇಕು ಅಂತ ಇಬ್ಬರಿಗೂ ತೋಚ್ಲಿಲ್ಲ.

ಒಂದು ವಾರ ಬಿಟ್ಟು ಹೋಟ್ಲಿಗೆ ಹೋದೆ. ಬಾಗ್ಲಲ್ಲಿ ಪೊಲೀಸರಿದ್ರು, ಅವ್ರ ಕೈಲೂ ಕಾಫಿ ಲೋಟ. ಬಡಿಸೋಕೆ ಬಂದ ವಯಸ್ಸಾದ ಅಣ್ಣ ಉಡುಪಿ ಕಡೆಯೋರು, ಪಕ್ಕದ ಟೇಬಲ್‌ಗೆ ತಮಿಳು, ನಂಗೆ ಕನ್ನಡ, ಒಳಗಿನ ಅಡುಗೆಯೋರಿಗೆ ತುಳು. ಹೆದ್ರಿಕೆ ಆಗ್ಲಿಲ್ವಾ ಅಣ್ಣ ಅಂತ ಮೆಲ್ಲಗೆ ಕೇಳ್ದೆ. "ಆಗ್ದೆ ಇರ್ತದಾ ಮಾರಾಯ್ರೆ. ಆದ್ರೆ ಗಿರಾಕಿಗಳು ಬಂದ್ರಲ್ಲ, ಬೇಜಾರ್ ಮಾಡ್ಕೊಳ್ಬೇಡಿ ಅಂತ ಅವ್ರೇ ಹೇಳಿದ್ರು" ಅಂದ್ರು. ಆಮೇಲೆ, "ನೀವು ಕುಡೀರಿ, ತಣ್ಣಗಾಗ್ತದೆ." ಅಷ್ಟೇ. ಯಾರನ್ನೂ ಬೈಲಿಲ್ಲ, ದೊಡ್ಡ ಮಾತೂ ಆಡ್ಲಿಲ್ಲ. ನಂಗೆ ಕಣ್ಣು ತುಂಬ್ತು, ನಿಜವಾಗ್ಲೂ.

ಮನಸ್ಸಿದ್ರೆ ದೊಡ್ಡೋರಿಗೂ ಆಗುತ್ತೆ ರೀ. ಬೆಂಗ್ಳೂರಿನ ಹಲಸೂರು ಕೆರೆ ಹತ್ರ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ 1991ರಿಂದ ಹದಿನೆಂಟು ವರ್ಷ ಮುಸುಕು ಹಾಕ್ಕೊಂಡು ನಿಂತಿತ್ತು. 2009ರ ಆಗಸ್ಟ್ 9ಕ್ಕೆ ಯಡಿಯೂರಪ್ಪ, ಕರುಣಾನಿಧಿ ಇಬ್ರೂ ಒಟ್ಟಿಗೆ ನಿಂತು ಅನಾವರಣ ಮಾಡ್ಸಿದ್ರು, ನಾಲ್ಕೇ ದಿನಕ್ಕೆ ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞ ಎದ್ದು ನಿಂತ. ನಾನು ವರ್ಷಕ್ಕೊಂದ್ಸಲ ಹೋಗಿ ನೋಡ್ಕೊಂಡ್ ಬರ್ತೀನಿ. 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ನೀರಿನ ಗಲಾಟೆ, ತಮಿಳು ನಟ ಸಿದ್ಧಾರ್ಥ್ ಬೆಂಗ್ಳೂರಲ್ಲಿ ಸಿನಿಮಾ ಬಗ್ಗೆ ಮಾತಾಡ್ತಿದ್ದಾಗ ನುಗ್ಗಿ ಎಬ್ಬಿಸಿ ಕಳಿಸಿದ್ರು. ಮಾರನೇ ದಿನ ಬಂದ್‌ನಲ್ಲಿ, ಕಾವೇರಿಗೋಸ್ಕರ ಸೇರಿದ್ದ ಸಭೇಲೇ, ಶಿವರಾಜ್‌ಕುಮಾರ್ ಎದ್ದು ನಿಂತು ಕ್ಷಮೆ ಕೇಳಿದ್ರು. ನಾನು ಮೇಲೆ ಹೇಳಿದ್ನಲ್ಲ, ತಮ್ಮೋರ ಮುಂದೆ ನಿಂತು ಹೇಳೋದು ಅಂತ, ಅದು ಇದೇ. ಕಾವೇರಿ ನಮ್ದು ಅನ್ನೋದನ್ನ ಅವ್ರೇನೂ ಬಿಟ್ಕೊಡ್ಲಿಲ್ಲ. ನಾನೂ ಬಿಡಲ್ಲ, ನಮ್ಮಪ್ಪ ಬತ್ತ ಬೆಳೆಯೋರು, ನಾಲೆ ಒಣಗಿದ್ರೆ ಏನಾಗುತ್ತೆ ಅಂತ ಗೊತ್ತು.

ಹೋಗೋರಿಗೆ ಒಂದು ಮಾತು, ಭಾನುವಾರ ಬೆಳಿಗ್ಗೆ ಬೇಗ ಹೋಗಿ, ಮನೆಮಂದಿಯೆಲ್ಲಾ ಕರ್ಕೊಂಡು ಹೋಗಿ. ಬಡಿಸೋರ ಹತ್ರ ಕನ್ನಡದಲ್ಲೇ ಶುರು ಮಾಡಿ, ಉತ್ತರ ಬಂದ್ರೂ ಬರಬಹುದು. ನಾನು ಮೊನ್ನೆ ಹೋದಾಗ ಅದೇ ಕೆಎ 11 ಗಾಡೀಲಿ ಹೋಗಿದ್ದೆ, ನಂಬರ್ ಪ್ಲೇಟ್ ರೋಡಿಗೆ ಕಾಣೋ ಹಂಗೆ ನಿಲ್ಸಿ ಒಳಗೆ ಹೋದೆ.